ಕುಂಬಳೆಯ ಶ್ಯಾನುಭೋಗ, ಸೊಲ್ಲಾಪುರದ ಕುಲಕರ್ಣಿ: ಇಬ್ಬರೂ ಒಂದೇನಾ?

ಪ್ರಶ್ನೆ: ನಮ್ಮದು ಕುಂಬಳೆ ಹತ್ತಿರದ ಊರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ತುಳು, ಮಲಯಾಳಂ ಎಲ್ಲ ಉಂಟು. ಅಪ್ಪನ ಹಳೆ ಕಾಗದಗಳಲ್ಲಿ ನಮ್ಮ ಅಡ್ಡಹೆಸರು ‘ಶ್ಯಾನುಭೋಗ’. ನನ್ನ ಶಾಲೆಯ ಸರ್ಟಿಫಿಕೇಟಿನಲ್ಲಿ ‘ಶಾನಭಾಗ’. ರೇಷನ್ ಕಾರ್ಡಿನಲ್ಲಿ ಮಲಯಾಳಂ ಅಕ್ಷರದಲ್ಲಿ ‘ಷಾನ್‌ಬೋಗ್’. ಈಗ ಮಗಳಿಗೆ ಸೊಲ್ಲಾಪುರದ ಕುಲಕರ್ಣಿ ಮನೆಯಿಂದ ಸಂಬಂಧ ಬಂದಿದೆ. ಅವರೂ ಮನೆಯಲ್ಲಿ ಕನ್ನಡ ಮಾತಾಡುವವರು. ಹುಡುಗನ ಅಜ್ಜ “ನೀವು ಶ್ಯಾನುಭೋಗರು, ನಾವು ಕುಲಕರ್ಣಿ, ಎರಡೂ ಒಂದೇ ಮೂಲ” ಅಂದರು. ನಮ್ಮ ದೊಡ್ಡಪ್ಪ ಮಾತ್ರ ನಮ್ಮವರು ಸೈನ್ಯದಲ್ಲಿದ್ದವರು, ‘ಸೇನಾಭೋಗ’ ಅಂತ ಬಿರುದು ಇತ್ತು ಅನ್ನುತ್ತಾರೆ. ಯಾವುದು ಸರಿ? ಅಟ್ಟದಲ್ಲಿ ಕಪ್ಪು ಬಣ್ಣದ, ಮಡಚುವಂಥ ಬಟ್ಟೆಯ ಪುಸ್ತಕ ಒಂದು ಉಂಟು. ಅದಕ್ಕೂ ಇದಕ್ಕೂ ಏನಾದರೂ ಸಂಬಂಧವೇ?

ಉತ್ತರ: ಅಕ್ಕಾ, ಹುಡುಗನ ಅಜ್ಜ ಹೇಳಿದ್ದು ಅರ್ಧ ಸರಿ. ನಿಮ್ಮ ದೊಡ್ಡಪ್ಪ ಹೇಳಿದ್ದು... ಅದಕ್ಕೆ ಆಮೇಲೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬಾರದು ಅಂತ ಅವರಿಗೆ ಮೊದಲೇ ಹೇಳಿಬಿಡಿ.

ಶ್ಯಾನುಭೋಗ, ಕುಲಕರ್ಣಿ ಎರಡೂ ಒಂದೇ ಕೆಲಸದ ಹೆಸರು. ಊರಿನ ಭೂಮಿಯ ಲೆಕ್ಕ ಬರೆಯುವವನು. ಯಾರ ಗದ್ದೆ ಎಷ್ಟು, ಏನು ಬೆಳೆ, ತೀರ್ವೆ (ಭೂಮಿಯ ತೆರಿಗೆ) ಎಷ್ಟು, ಬಾಕಿ ಎಷ್ಟು, ಇದನ್ನೆಲ್ಲ ಬರೆದಿಟ್ಟು ವರ್ಷಕ್ಕೊಮ್ಮೆ ಜಮಾಬಂದಿಗೆ, ಅಂದರೆ ಸರ್ಕಾರದ ಲೆಕ್ಕ ತಪಾಸಣೆಗೆ, ಒಪ್ಪಿಸುವವನು. ಆದರೆ ಕೆಲಸ ಒಂದೇ ಅಂತ ಮನೆತನದ ಮೂಲವೂ ಒಂದೇ ಆಗುವುದಿಲ್ಲ. ಆ ಕೆಲಸ ಯಾರಿಗೆ ಸಿಕ್ಕಿತೋ ಅವರಿಗೆ ಆ ಹೆಸರು ಅಂಟಿತು, ಅಷ್ಟೆ. ನಿಮ್ಮ ಮನೆಯಲ್ಲಿ ಕೊಂಕಣಿ ಅಂದಿರಿ. ನಿಮ್ಮಲ್ಲಿಂದ ನಾಲ್ಕು ಮೈಲಿ ಆಚೆ ಹವ್ಯಕರಲ್ಲೋ ಶಿವಳ್ಳಿಯವರಲ್ಲೋ ವಿಚಾರಿಸಿದರೆ “ನಮ್ಮ ಅಜ್ಜನೂ ಶ್ಯಾನುಭೋಗರೇ ಆಗಿದ್ದರು” ಅನ್ನುವ ಮನೆ ಒಂದಾದರೂ ಸಿಕ್ಕೀತು. ಅವರಲ್ಲಿ ಭಟ್ಟ ಅಂತಲೇ ಉಳಿಯಿತು, ನಿಮ್ಮಲ್ಲಿ ಕೆಲಸದ ಹೆಸರೇ ಮನೆಯ ಹೆಸರಾಯಿತು. ಕುಲಕರ್ಣಿಗಳದ್ದೂ ಇದೇ ಕಥೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಹೆಚ್ಚಿನವರು ದೇಶಸ್ಥ ಬ್ರಾಹ್ಮಣರು, ಧಾರವಾಡದ ಕಡೆ ಬಂದರೆ ಲಿಂಗಾಯತ ಕುಲಕರ್ಣಿಗಳೂ ಇದ್ದಾರೆ. ಅವರೆಲ್ಲ ಒಂದೇ ಅಜ್ಜನ ಮಕ್ಕಳು ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಈಗ ಸೈನ್ಯದ ವಿಷಯ. ನಾನು ಸುಮಾರು 20 ವರ್ಷದಿಂದ ಜನರ ಮನೆಯ ಹಳೆ ಕಾಗದ ಓದಿಕೊಡುತ್ತಾ ಇದ್ದೇನೆ, ಹತ್ತರಲ್ಲಿ ಎಂಟು ಮನೆಯಲ್ಲಿ ಇಂಥದ್ದೊಂದು ಕಥೆ ಇದ್ದೇ ಇರುತ್ತದೆ. ಒಬ್ಬರ ಅಜ್ಜ ಸೇನಾಧಿಪತಿ, ಇನ್ನೊಬ್ಬರ ಅಜ್ಜನಿಗೆ ರಾಜ ಹಸ್ತಾಕ್ಷರ ನೋಡಿ ಚಿನ್ನದ ಕಂಠ (ಓಲೆಯಲ್ಲಿ ಕೊರೆದು ಬರೆಯುವ ಕಡ್ಡಿ) ಕೊಟ್ಟಿದ್ದ. ಲೆಕ್ಕ ಬರೆಯುವ ಅಜ್ಜ ಯಾರಿಗೂ ಬೇಡ ಪಾಪ. ಕನ್ನಡ ಶಾಸನಗಳಲ್ಲಿ ಈ ಪದದ ಹಳೆಯ ರೂಪ ಸಿಗುತ್ತದೆ, ‘ಸೇನಬೋವ’ ಅಂತ. ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಸೇನಬೋವ ಸುಮಾರು ಕಡೆ ಬರುತ್ತಾನೆ. ಎಲ್ಲಿ ಬರುತ್ತಾನೆ ಅಂತ ನೋಡಬೇಕು. ಯುದ್ಧದ ವರ್ಣನೆಯಲ್ಲಿ ಅಲ್ಲ. ಭೂಮಿ ದಾನ ಕೊಟ್ಟದ್ದು, ಅದರ ಎಲ್ಲೆ, ಸಾಕ್ಷಿಗಳ ಹೆಸರು ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ, ‘ಇದನ್ನು ಬರೆದವನು ಊರ ಸೇನಬೋವ ಇಂಥವನು’ ಅಂತ ಒಂದು ಸಾಲು. ಬರೆಯುವವನ ಜಾಗ ಆಗಲೂ ಕಾಗದದ ಕೊನೆಯಲ್ಲೇ ಇತ್ತು, ಈಗಲೂ ಅಲ್ಲೇ ಉಂಟು.

‘ಸೇನ’ ಹೇಗೆ ‘ಶ್ಯಾನ’ ಆಯಿತು ಅಂತ ಕೇಳಿದರೆ, ನೀವು ದಿನಾ ಕೇಳುವ ಮಾತಿನಲ್ಲೇ ಅದಕ್ಕೆ ಉತ್ತರ ಉಂಟು. ಪೇಟೆಗೆ ಪ್ಯಾಟೆ ಅನ್ನುತ್ತಾರೆ, ಮೇಲೆಗೆ ಮ್ಯಾಲೆ, ಬೇಟೆಗೆ ಬ್ಯಾಟೆ, ಕೇದಿಗೆಗೆ ಕ್ಯಾದಿಗೆ. ಅದೇ ಥರ ಸೇನ, ಸ್ಯಾನ, ಶ್ಯಾನ. ‘ಬೋವ’ ಅನ್ನುವುದು ಕಿವಿಗೆ ‘ಭೋಗ’ ಆಯಿತು, ಬಾಯಿಗೆ ‘ಭಾಗ’ ಆಯಿತು. ಹಾಗಾಗಿ ನಿಮ್ಮ ಮೂರು ಕಾಗದದಲ್ಲಿರುವ ಮೂರು ಹೆಸರಲ್ಲಿ ಯಾವುದೂ ತಪ್ಪಲ್ಲ. ‘ಶ್ಯಾ’ಕ್ಕೆ ಯ ಒತ್ತು ಯಾಕೆ ಉಂಟು ಅಂತ ಶಾಲೆಯಲ್ಲಿ ಮಾಷ್ಟ್ರು ಕೆಂಪು ಗೆರೆ ಎಳೆದಿದ್ದರೆ, ಅದು ಹಳೆಯ ‘ಸೇ’ಯ ಗುರುತು ಅಂತ ಅವರಿಗೆ ಹೇಳಬಹುದಿತ್ತು. ಇನ್ನು ‘ಶಾಣ್ಯಾ’ ಅಂದರೆ ಜಾಣ, ಅದರಿಂದ ಶಾನಭಾಗ ಬಂತು ಅಂತ ಒಂದು ಕಥೆ ಉತ್ತರ ಕರ್ನಾಟಕದಲ್ಲಿ ಕೇಳಿದ್ದೇನೆ. ಕೇಳಲಿಕ್ಕೆ ಚೆಂದ, ನಂಬಬೇಡಿ.

ಕುಲಕರ್ಣಿಯ ಅರ್ಥ ಇನ್ನೂ ಸುಲಭ. ಕರಣ ಅಂದರೆ ಬರಹ, ಲೆಕ್ಕ. ಅದನ್ನು ಮಾಡುವವನು ಕರಣಿಕ. ‘ಕುಲ’ ಅಂದ ಕೂಡಲೇ ಜಾತಿ ಕುಲ ಅಂತ ಅಂದುಕೊಳ್ಳುತ್ತಾರೆ, ಅದಲ್ಲ. ಅದು ‘ಕುಳ’. ಕುಳ ಅಂದರೆ ಸರ್ಕಾರಕ್ಕೆ ತೆರಿಗೆ ಕಟ್ಟುವ ರೈತ, ಒಕ್ಕಲು. ಮರಾಠಿಯಲ್ಲಿ ಈಗಲೂ ಗೇಣಿ ಒಕ್ಕಲಿಗೆ ಕುಳ ಅಂತಲೇ ಹೇಳುತ್ತಾರೆ. ನಾವು ಕನ್ನಡದಲ್ಲಿ “ಅವನು ಭಾರೀ ಕುಳ ಮಾರಾಯ್ರೆ” ಅಂತ ಯಾರನ್ನಾದರೂ ತೋರಿಸುತ್ತೇವಲ್ಲ, ಆ ಕುಳವೇ ಇದು. ಜಾಸ್ತಿ ತೆರಿಗೆ ಕಟ್ಟುವವನು ದೊಡ್ಡ ಕುಳ. ಆ ಕುಳಗಳ ಲೆಕ್ಕ ಇಡುವವನು ಕುಳಕರಣಿ. ಒಂದು ಊರಿನದ್ದಾದರೆ ಕುಲಕರ್ಣಿ, ಇಡೀ ನಾಡಿನದ್ದಾದರೆ ನಾಡಕರ್ಣಿ. ನಾಡಕರ್ಣಿ ಅಂದ ಕೂಡಲೇ ನನಗೆ ಕ್ರಿಕೆಟಿನ ಬಾಪು ನಾಡಕರ್ಣಿಯೇ ನೆನಪಾಗುವುದು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 32 ಓವರ್ ಹಾಕಿ, 27 ಮೇಡನ್ ಮಾಡಿ, ಬರೇ 5 ರನ್ ಕೊಟ್ಟವರು. ಅದರಲ್ಲಿ ಸಾಲಾಗಿ 21 ಓವರಿನಲ್ಲಿ ಒಂದು ರನ್ನೂ ಇಲ್ಲ. ಹೆಸರಿನಲ್ಲಿ ಏನೂ ಇಲ್ಲ ಅಂತ ಇಷ್ಟು ಹೊತ್ತು ಹೇಳಿದ ನಾನೇ ಇದನ್ನು ಹೇಳುವುದು ಸರಿಯಲ್ಲ, ಆದರೂ ಆ ಲೆಕ್ಕ ನೋಡಿದರೆ ಯಾವುದೋ ನಾಡಿನ ಖಜಾನೆ ಕಾದ ಕೈ ಅಂತ ಅನ್ನಿಸದೆ ಇರುವುದಿಲ್ಲ.

ಅಜ್ಜನ ಮಾತಿನಲ್ಲಿ ಸರಿಯಾದ ಅರ್ಧ ಯಾವುದು ಅಂತ ಗೊತ್ತಾಗಬೇಕಾದರೆ ಕನ್ನಡದ ಗಡಿ ಹಿಡಿದು ಒಂದು ಸುತ್ತು ಬರಬೇಕು. ನಮ್ಮ ಕಾಸರಗೋಡಿನಲ್ಲಿ, ಅಂದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಊರಿಗೆ ಮೂವರು: ಊರಿನ ಮುಖ್ಯಸ್ಥ ಪಟೇಲ, ಲೆಕ್ಕ ಬರೆಯುವ ಶ್ಯಾನುಭೋಗ, ಓಡಾಟದ ಆಳು ಉಗ್ರಾಣಿ. ತೃಕ್ಕರಿಪುರ ದಾಟಿ ಹಳೆಯ ಮಲಬಾರ್ ಜಿಲ್ಲೆಗೆ ಕಾಲಿಟ್ಟರೆ ಅದೇ ಮೂವರು ಅಧಿಕಾರಿ, ಮೇನೋನ್, ಕೋಲ್ಕಾರ. ಮೇನೋನ್ ಅಂತ ಈಗ ಜಗತ್ತಿನಾದ್ಯಂತ ಇದ್ದಾರಲ್ಲ, ಆ ಹೆಸರಿನ ಹಿಂದೆಯೂ ಇದೇ ಬರೆಯುವ ಕೆಲಸ ಉಂಟು. ಮೂಡಣಕ್ಕೆ ಹೋಗಿ ಹೊಸೂರು ಕಡೆ ಇಳಿದರೆ ಕರ್ಣಂ, ಶುದ್ಧ ತಮಿಳಿನಲ್ಲಿ ಕಣಕ್ಕುಪಿಳ್ಳೈ. ಮಡಕಶಿರಾ, ರಾಯದುರ್ಗ, ಆದೋನಿ ಕಡೆ ರೆಡ್ಡಿ ಮತ್ತು ಕರಣಂ. ಅಲ್ಲಿ ಮನೆಹೆಸರು ಮೊದಲು ಬರುತ್ತದೆ, ಕರಣಂ ಮಲ್ಲೇಶ್ವರಿ ಅಂತ ಓದಿದ್ದೀರಲ್ಲ, 2000ದಲ್ಲಿ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರ ಎತ್ತಿ ಕಂಚು ತಂದವರು, ಆ ‘ಕರಣಂ’ ಇದೇ. ಬಡಗಣಕ್ಕೆ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ಕಡೆ ಪಾಟೀಲ ಮತ್ತು ಕುಲಕರ್ಣಿ.

ಗಡಿಯ ಎಲ್ಲ ಕಡೆಯೂ ಕನ್ನಡ ಮಾತಾಡುವ ಊರುಗಳು ಇದ್ದವು, ಇದ್ದಾವೆ. ಆದರೆ ಕೆಲಸದ ಹೆಸರು ಮಾತ್ರ ಸರ್ಕಾರದ ಭಾಷೆ ನೋಡಿ ಬಂತು. ನಿಮ್ಮ ಬೀಗರ ಊರು ಪೇಶ್ವೆಗಳ ಕೈಯಲ್ಲಿ, ಆಮೇಲೆ ಬೊಂಬಾಯಿಯ ಕೈಯಲ್ಲಿ ಇತ್ತು, ಅದಕ್ಕೇ ಕುಲಕರ್ಣಿ. ನಿಮ್ಮದು ಕೆಳದಿ, ಆಮೇಲೆ ಹೈದರ್ ಟಿಪ್ಪು, 1799ರಿಂದ ಬ್ರಿಟಿಷರು, ಮದ್ರಾಸು. ಆಳುವವರು ಬದಲಾದರೂ ಲೆಕ್ಕ ಕನ್ನಡದಲ್ಲೇ ಬರೆಯುತ್ತಿದ್ದದ್ದರಿಂದ ನೀವು ಶ್ಯಾನುಭೋಗ. ಇವತ್ತು ಮಂಗಳವೇಢೆ ಅಂತ ಕರೆಯುವ, ಸೊಲ್ಲಾಪುರ ಜಿಲ್ಲೆಯ ಊರು ಉಂಟಲ್ಲ, ಅದು ಹಿಂದೆ ಕಳಚುರಿಗಳ ಮಂಗಳವಾಡ. ಬಿಜ್ಜಳನ ಹತ್ತಿರ ಬಸವಣ್ಣನವರು ಮೊದಲು ಕರಣಿಕರಾಗಿ ಸೇರಿದ್ದು ಅಲ್ಲೇ, ಭಂಡಾರಿ ಆದದ್ದು ಆಮೇಲೆ ಅಂತ ಪರಂಪರೆ ಹೇಳುತ್ತದೆ. ಹಾಗಾಗಿ ಬೀಗರ ಜಿಲ್ಲೆಗೆ ಕರಣಿಕ ಅನ್ನುವ ಕನ್ನಡ ಪದ ಹೊಸದೇನೂ ಅಲ್ಲ. ಮಗಳ ಮಾತುಕತೆಯ ದಿನ ಅಜ್ಜನಿಗೆ ಇದನ್ನೊಂದು ಹೇಳಿ ನೋಡಿ, ಖುಷಿಪಡುತ್ತಾರೆ.

ಕರಾವಳಿಯ ಲೆಕ್ಕದ ಕೆಲಸಕ್ಕೆ ಕೊಂಕಣಿಯವರು ಹೇಗೆ ಬಂದರು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ಹೆಸರಿನ ಕಥೆ ಶುರುವಾಗುವುದೇ ಅಲ್ಲಿ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕರಾವಳಿ ಉದ್ದಕ್ಕೂ ಇಳಿದು ಚಂದ್ರಗಿರಿ, ಬೇಕಲದವರೆಗೆ ಕೈ ಚಾಚಿದ. ಕೋಟೆ ಕಟ್ಟಿದ್ದು ಎಲ್ಲರಿಗೂ ಗೊತ್ತು. ಅವನ ನಿಜವಾದ ಕೆಲಸ ಮಾತ್ರ ಭೂಮಿಯ ಲೆಕ್ಕ. ಗದ್ದೆ ತೋಟಗಳನ್ನು ಐದು ತರಗತಿ ಮಾಡಿ, ಇಂಥ ಭೂಮಿಗೆ ಇಷ್ಟು ಅಂತ ಗೊತ್ತು ಮಾಡಿದ. ಅದಕ್ಕೆ ‘ಶಿಸ್ತು’ ಅಂತ ಹೆಸರು. ಶಿವಪ್ಪ ನಾಯಕನ ಶಿಸ್ತು ಅಂತ ಮಕ್ಕಳಿಗೆ ಬಯ್ಯುವಾಗ ನಾವು ಹೇಳುವುದು ಸೈನಿಕರ ಶಿಸ್ತು ಅಂತ ಅಂದುಕೊಂಡು. ಅದು ತೆರಿಗೆಯ ಶಿಸ್ತು. (ದೊಡ್ಡಪ್ಪನವರೇ, ಕೇಳಿಸಿತಲ್ಲ?) ಇಷ್ಟು ದೊಡ್ಡ ಲೆಕ್ಕ ಇಡಬೇಕಾದರೆ ಬರೆಯಲಿಕ್ಕೆ ಬರುವವರು ಊರೂರಿಗೆ ಬೇಕು. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ್ದ ಸಾರಸ್ವತರಲ್ಲಿ ಅಂಥವರು ಇದ್ದರು. ಈಗ ಚಿತ್ರಾಪುರ ಸಾರಸ್ವತರು ಅಂತ ಕರೆಸಿಕೊಳ್ಳುವವರಲ್ಲಿ ಬಹಳ ಮಂದಿಯ ಹಿರಿಯರು ಕೆಳದಿಯವರ ಲೆಕ್ಕಪತ್ರದಲ್ಲೇ ಇದ್ದವರು. ಹಾಗೆ ಮನೆಯಲ್ಲಿ ಕೊಂಕಣಿ, ಪುಸ್ತಕದಲ್ಲಿ ಕನ್ನಡ. ನಿಮ್ಮ ಮನೆಯಲ್ಲಿ ಇವತ್ತೂ ಲೆಕ್ಕ ಕೂಡಿಸುವುದು ಯಾವ ಭಾಷೆಯಲ್ಲಿ ಅಂತ ಒಮ್ಮೆ ಗಮನಿಸಿ.

ಇನ್ನು ಅಟ್ಟದ ಕಪ್ಪು ಪುಸ್ತಕ. ಅಕ್ಕಾ, ನಿಮ್ಮ ಪ್ರಶ್ನೆಯಲ್ಲಿ ನನ್ನ ಎದೆ ಢವ ಅಂದದ್ದು ಆ ಸಾಲಿಗೆ. ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಬೀಸಣಿಗೆ ಹಾಗೆ ಮಡಚಿ ಮಾಡುತ್ತಿದ್ದ ಪುಸ್ತಕ. ಬರೆಯುವುದು ಬಳಪದಲ್ಲಿ. ಕಪ್ಪಿನ ಮೇಲೆ ಬೆಳ್ಳಗೆ ಅಕ್ಷರ. ತಪ್ಪಾದರೆ ಒರೆಸಬಹುದು, ಪುನಃ ಬರೆಯಬಹುದು. ಓಲೆಯ ಹಾಗೆ ಕಂಠ ಹಿಡಿದು ಕೊರೆಯಬೇಕಾಗಿಲ್ಲ, ಕಾಗದದ ಹಾಗೆ ಗೆದ್ದಲಿಗೆ ಅಷ್ಟು ಬೇಗ ರುಚಿಸುವುದೂ ಇಲ್ಲ. 1799ರಲ್ಲಿ ಥಾಮಸ್ ಮನ್ರೋ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದಾಗ ಈ ಊರುಗಳ ಹಳೆಯ ಭೂಮಿಯ ಲೆಕ್ಕ ಅವನಿಗೆ ಸಿಕ್ಕಿದ್ದು ಇಂಥ ಕಪ್ಪು ಪುಸ್ತಕಗಳಲ್ಲಿ, ಅದನ್ನು ಇಟ್ಟುಕೊಂಡಿದ್ದ ಶ್ಯಾನುಭೋಗರ ಮನೆಗಳಲ್ಲಿ. ಕೆಳದಿಯವರ ಶಿಸ್ತು ಎಷ್ಟು, ಹೈದರ್ ಮೇಲಿನಿಂದ ಏರಿಸಿದ್ದು ಎಷ್ಟು ಅಂತ ಅವನು ಬಿಡಿಸಿ ನೋಡಿದ್ದು ಅವುಗಳನ್ನು ಓದಿಸಿಕೊಂಡೇ. ಈಗ ಕರ್ನಾಟಕದ ಸರ್ಕಾರಿ ಆಫೀಸಿನಲ್ಲಿ ಫೈಲಿಗೆ ‘ಕಡತ’ ಅನ್ನುತ್ತಾರಲ್ಲ, ಕಡತ ವಿಲೇವಾರಿ, ಕಡತ ಬಾಕಿ ಅಂತ, ಅದು ನಿಮ್ಮ ಅಟ್ಟದಲ್ಲಿರುವ ವಸ್ತುವಿನ ಹೆಸರು.

ಪೆರ್ಲದ ಆಚೆ ಒಂದು ಮನೆಯ ಸಂಗತಿ ಹೇಳಬೇಕು. 15 ವರ್ಷ ಆಯಿತೋ ಏನೋ. ಕಡತ ಉಂಟು, ಬಂದು ನೋಡಿ ಅಂತ ಅಲ್ಲಿನ ಯಜಮಾನರು ಹೇಳಿ ಕಳಿಸಿದರು. ಆಟಿ ತಿಂಗಳು, ಮಳೆ ಧೋ ಅಂತ ಸುರಿಯುತ್ತಿತ್ತು, ನಾನು ನಾಲ್ಕು ದಿನ ಬಿಟ್ಟು ಹೋದೆ. ಚಾವಡಿಯಲ್ಲಿ ಮಣೆ ಹಾಕಿ, ಕಾಫಿ ಕೊಟ್ಟು, ಒಳಗಿಂದ ಕಡತ ತಂದರು. ಫಳಫಳ ಹೊಳೆಯುತ್ತಿತ್ತು. ಬಿಡಿಸಿದೆ, ಒಂದು ಮಡಿಕೆ, ಎರಡು, ಹತ್ತು, ಹದಿನೈದು. ಒಂದೇ ಒಂದು ಅಕ್ಷರ ಇಲ್ಲ. “ನೀವು ಬರುತ್ತೀರಿ ಅಂತ ನಿನ್ನೆ ಸೊಸೆ ಒದ್ದೆ ಬಟ್ಟೆಯಲ್ಲಿ ಚೆಂದ ಒರೆಸಿ ಇಟ್ಟಳು, ತುಂಬ ಧೂಳಿತ್ತು” ಅಂದರು ಯಜಮಾನರು. ಕೊನೆಯ ಮಡಿಕೆಯ ಮೂಲೆಯಲ್ಲಿ ಬಟ್ಟೆ ತಾಗದೆ ಉಳಿದದ್ದು ಎರಡು ಸಾಲು. ‘ಬೈಲು’ ಅಂತ ಒಂದು ಪದ, ಅದರ ಮುಂದೆ ‘ಮುಡಿ’, ಅದರ ಮುಂದೆ ವೀಸದ ಗುರುತು. ಆ ಹುಡುಗಿಯ ಮುಖ ನೋಡಿ ನಾನು ಏನೂ ಹೇಳಲಿಲ್ಲ. ತಪ್ಪು ಅವಳದ್ದಲ್ಲ, ನಾಲ್ಕು ದಿನ ತಡ ಮಾಡಿದವನು ನಾನು.

ಆ ಎರಡು ಸಾಲಿನಲ್ಲೇ ಶ್ಯಾನುಭೋಗನ ಇಡೀ ವಿದ್ಯೆ ಇತ್ತು ನೋಡಿ. ಬೈಲು, ಮಜಲು, ಬೆಟ್ಟು ಅಂತ ಗದ್ದೆ ಮೂರು ಬಗೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಮಧ್ಯದ್ದು ಮಜಲು, ಮೇಲೆ ಮಳೆ ನಂಬಿಕೊಂಡದ್ದು ಬೆಟ್ಟು. ಬೆಳೆಯೂ ಮೂರು, ಏಣೇಲು, ಸುಗ್ಗಿ, ಕೊಳಕೆ. ಬೈಲಿನಲ್ಲಿ ಮೂರೂ ಆಗಬಹುದು, ಬೆಟ್ಟಿನಲ್ಲಿ ಏಣೇಲು ಒಂದೇ. ತೀರ್ವೆ ಎಷ್ಟು ಅಂತ ನಿಲ್ಲುವುದು ಇದರ ಮೇಲೆ. ಹಾಗಾಗಿ ಒಬ್ಬನ ಬೆಟ್ಟನ್ನು ಪುಸ್ತಕದಲ್ಲಿ ಮಜಲು ಅಂತ ಬರೆದರೆ ಅವನ ಮನೆಯ ಗಂಜಿಗೆ ಕೈ ಹಾಕಿದ ಹಾಗೆ. ಲೆಕ್ಕದ ಮಾಪನವೋ, ಈಗಿನವರ ತಲೆ ತಿರುಗಬೇಕು. ಅಕ್ಕಿ ಮುಡಿಯಲ್ಲಿ, ಮುಡಿಗೆ 3 ಕಳಸಿಗೆ, ಕಳಸಿಗೆಗೆ 14 ಸೇರು. ಹಣದ ಕಾಲು ಭಾಗ ಹಾಗ. ಹದಿನಾರರಲ್ಲಿ ಒಂದು ವೀಸ. ವೀಸವನ್ನೂ ನಾಲ್ಕು ಮಾಡಿದರೆ ಕಾಣಿ, ಅಂದರೆ 64ರಲ್ಲಿ ಒಂದು. ಇದರಲ್ಲಿ ಕೂಡಿಸಿ, ಕಳೆದು, ಗುಣಿಸಿ, ಗೇಣಿ ಎಷ್ಟು ತೀರ್ವೆ ಎಷ್ಟು ಅಂತ ಬಾಯಲ್ಲೇ ಹೇಳುತ್ತಿದ್ದರು. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಬಿಡಿಸಬಹುದಾದ ಗೇಣಿ), ಕುಮ್ಕಿ (ಗದ್ದೆ ತೋಟಕ್ಕೆ ತಾಗಿದ ಸರ್ಕಾರಿ ಜಾಗ ಬಳಸುವ ಹಕ್ಕು), ವರ್ಗ (ತೀರ್ವೆ ಕಟ್ಟುವ ಸ್ವಂತ ಭೂಮಿ), ಈ ಪದಗಳೆಲ್ಲ ನಿಮ್ಮ ಅಪ್ಪನ ಕಾಗದದಲ್ಲೂ ಇರಬೇಕು. ಕುಮ್ಕಿಯ ತಕರಾರು ಇವತ್ತಿಗೂ ಮುಗಿಯಲಿಲ್ಲ, ಅದು ಬೇರೆಯೇ ರಾಮಾಯಣ.

ಒಳ್ಳೆಯದನ್ನೇ ಹೇಳುತ್ತಾ ಹೋದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ. ಊರಿಗೆಲ್ಲ ಓದಲಿಕ್ಕೆ ಬರುವವನು ಒಬ್ಬನೇ ಆದಾಗ ಏನಾಗುತ್ತದೆ ಅಂತ ನಿಮಗೂ ಗೊತ್ತು. ಪುಸ್ತಕದಲ್ಲಿ ಏನು ಬರೆದಿದೆ ಅಂತ ಒಕ್ಕಲಿಗೆ ಗೊತ್ತಿಲ್ಲ. ಹೆಬ್ಬೆಟ್ಟು ಒತ್ತು ಅಂದರೆ ಒತ್ತಬೇಕು. ಜ್ಯೋತಿಬಾ ಫುಲೆ 1880ರ ದಶಕದಲ್ಲೇ ಓದು ಬಾರದ ರೈತನನ್ನು ಕುಲಕರ್ಣಿ ಹೇಗೆ ಸುಲಿಯುತ್ತಾನೆ ಅಂತ ಕಟುವಾಗಿ ಬರೆದರು. ಕೊಲ್ಲಾಪುರದ ಶಾಹು ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಕುಲಕರ್ಣಿ ವತನವನ್ನೇ, ಅಂದರೆ ವಂಶಪಾರಂಪರ್ಯದ ಹಕ್ಕನ್ನೇ, ತೆಗೆದು ಸಂಬಳದ ತಲಾಠಿಗಳನ್ನು (ಗ್ರಾಮ ಲೆಕ್ಕಿಗರನ್ನು) ನೇಮಿಸಿದರು, ಗಡಹಿಂಗ್ಲಜದ ಕನ್ನಡ ಊರುಗಳೂ ಅದರಲ್ಲಿ ಬಂದವು. ಇದನ್ನೆಲ್ಲ ನಾನು ಯಾರ ಮನೆತನವನ್ನೂ ಹಳಿಯಲಿಕ್ಕೆ ಹೇಳುವುದಲ್ಲ. ಹೆಸರಿನ ಪರಂಪರೆ ಅಂತ ಕೇಳಿದ್ದೀರಿ, ಇದೂ ಅದರಲ್ಲೇ ಸೇರಿದ್ದು. ಇನ್ನೊಂದು ಬದಿಯೂ ಉಂಟು. 1800ರ ಆಸುಪಾಸಿನಲ್ಲಿ ಬ್ರಿಟಿಷರ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿ ದಕ್ಷಿಣದ ಊರೂರಿನ ಇತಿಹಾಸ ಬರೆಸಿಕೊಂಡಾಗ, ಆ ಕೈಫಿಯತ್ತುಗಳನ್ನು ಹೆಚ್ಚಿನ ಕಡೆ ಹೇಳಿದವರು, ಬರೆದುಕೊಟ್ಟವರು ಈ ಕರಣಂರೇ. ರಾಯದುರ್ಗ, ಆದೋನಿ ಕಡೆಯ ಎಷ್ಟೋ ಊರಿನ ದೇವಸ್ಥಾನ ಯಾರು ಕಟ್ಟಿಸಿದ್ದು, ಕೆರೆ ಯಾವಾಗ ಒಡೆದದ್ದು ಅಂತ ಇವತ್ತು ಗೊತ್ತಿದ್ದರೆ ಅದು ಅವರ ಮನೆಯ ಕವಿಲೆಗಳಿಂದ, ಅಂದರೆ ಊರ ದಾಖಲೆ ಪುಸ್ತಕಗಳಿಂದ.

ಕೆಲಸ ಹೋದದ್ದು ಒಂದೊಂದು ಕಡೆ ಒಂದೊಂದು ಸಲ. ಬೊಂಬಾಯಿ ರಾಜ್ಯದಲ್ಲಿ 1950ರ ಕಾಯ್ದೆಯಿಂದ ಕುಲಕರ್ಣಿ ವತನ ಹೋಯಿತು, 1951ರ ಮೇ 1ರಿಂದ ಜಾರಿ. ಹಾಗಾಗಿ ನಿಮ್ಮ ಬೀಗರಲ್ಲಿ ಕುಲಕರ್ಣಿಕೆ ಮಾಡಿದ ಕೊನೆಯವರು ಬಹುಶಃ ಆ ಅಜ್ಜನ ಅಪ್ಪ ಇರಬೇಕು. ಮೈಸೂರು ರಾಜ್ಯ 1961ರಲ್ಲಿ ಕಾಯ್ದೆ ಮಾಡಿ 1963ರ ಫೆಬ್ರವರಿ 1ರಿಂದ ಶ್ಯಾನುಭೋಗಿಕೆ ತೆಗೆಯಿತು, ಆಮೇಲೆ ಗಡಿಯ ತಲಪಾಡಿಯ ಆಚೆ ಗ್ರಾಮ ಲೆಕ್ಕಿಗ ಬಂದ. ತಮಿಳುನಾಡಿನಲ್ಲಿ ಎಂ.ಜಿ.ಆರ್. ಸರ್ಕಾರ 1980ರ ನವೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಒಂದೇ ದಿನ ಕರ್ಣಂಗಳನ್ನು ಮನೆಗೆ ಕಳಿಸಿತು. ಆಂಧ್ರದಲ್ಲಿ ಎನ್.ಟಿ.ಆರ್. 1984ರಲ್ಲಿ ಅದನ್ನೇ ಮಾಡಿದರು. ಬೊಂಬಾಯಿಯದ್ದು ಬಿಟ್ಟರೆ ಇದಕ್ಕೆಲ್ಲ ಮೊದಲು ಸುಪ್ರೀಂ ಕೋರ್ಟಿನಲ್ಲಿ ಒಂದು ಮುಖ್ಯ ತೀರ್ಪು ಬಂದಿತ್ತು, ಆಂಧ್ರದ ಮೊಕದ್ದಮೆ, 1960ರ ಕೊನೆಯಲ್ಲಿ. 1895ರ ಮದ್ರಾಸ್ ಕಾಯ್ದೆಯ ಪ್ರಕಾರ ಊರ ಹುದ್ದೆಯನ್ನು ಹಳೆ ಹುದ್ದೆದಾರರ ಮನೆಯವರಿಗೇ ಕೊಡುವುದು ಸಂವಿಧಾನಕ್ಕೆ ಸರಿಹೋಗುವುದಿಲ್ಲ, ಅದು ಸರ್ಕಾರಿ ಕೆಲಸ, ಎಲ್ಲರಿಗೂ ಸಮಾನ ಅವಕಾಶ ಇರಬೇಕು ಅಂತ. ಅಪ್ಪನ ನಂತರ ಮಗ ಅನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು.

ನಮ್ಮ ಕಾಸರಗೋಡಿನದ್ದು ಸ್ವಲ್ಪ ಬೇರೆ. 1956ರ ನವೆಂಬರ್ 1ಕ್ಕೆ ತಾಲೂಕು ಕೇರಳಕ್ಕೆ ಹೋಯಿತು. ಹುದ್ದೆ ಹೋಗುವ ಮೊದಲು ಪುಸ್ತಕದ ಭಾಷೆ ಹೋಯಿತು ಅನ್ನಬಹುದು. ಕನ್ನಡದಲ್ಲಿ ಬರೆದ ಹಳೆ ದಾಖಲೆ ಹಾಗೇ ಉಳಿಯಿತು, ಅದನ್ನು ಓದಬೇಕಾದವರು ಮಲಯಾಳಂನವರಾದರು. ನಿಮ್ಮ ರೇಷನ್ ಕಾರ್ಡಿನ ‘ಷಾನ್‌ಬೋಗ್’ ಅಲ್ಲಿಂದ ಬಂದದ್ದು. ಕನ್ನಡದ ಶ್ಯಾನುಭೋಗ ಇಂಗ್ಲಿಷಿಗೆ ಹೋಯಿತು, ಇಂಗ್ಲಿಷನ್ನು ನೋಡಿ ಯಾರೋ ಮಲಯಾಳಂನಲ್ಲಿ ಬರೆದರು. ಕನ್ನಡ ನೋಡಿಯೇ ಬರೆದಿದ್ದರೆ ಎರಡೂ ಲಿಪಿಯಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಬರುತ್ತಿತ್ತು.

ಸಂಬಂಧದ ಮಾತಿಗೆ ಬರೋಣ. ಅಡ್ಡಹೆಸರು ನೋಡಿ “ನಾವು ನಾವೇ” ಅಂತಲೂ ಹೇಳಬೇಡಿ, “ನಾವು ಬೇರೆ” ಅಂತಲೂ ಹೇಳಬೇಡಿ. ಮೂಲ ಬೇಕಿದ್ದರೆ ಎರಡೂ ಮನೆಯ ಕುಲದೇವರು ಯಾರು ಅಂತ ಕೇಳಿ. ನಿಮ್ಮದು ಗೋವೆಯಲ್ಲಿ ಎಲ್ಲೋ ಇರುತ್ತದೆ, ಮಂಗೇಶಿಯೋ, ಶಾಂತಾದುರ್ಗೆಯೋ, ಮಹಾಲಸೆಯೋ. ಅವರದ್ದು ತುಳಜಾಪುರವೋ ಪಂಢರಪುರವೋ ತಿರುಪತಿಯೋ ಆಗಿರಬಹುದು. ಅಲ್ಲಿ ನಿಮ್ಮ ದಾರಿಗಳು ಬೇರೆ ಅಂತ ಗೊತ್ತಾಗುತ್ತದೆ. ಹುಡುಗ ಹುಡುಗಿ ಒಪ್ಪಿದ ಮೇಲೆ ಆ ದಾರಿ ಯಾವುದಾದರೇನು, ಅದು ನಿಮ್ಮ ಮನೆಯ ವಿಷಯ, ನಾನು ಬಾಯಿ ಹಾಕುವುದಿಲ್ಲ. ನಿಮ್ಮ ಮನೆಯವರು ನಿಜವಾಗಿ ಯಾವ ಊರಿನ ಶ್ಯಾನುಭೋಗರು ಅಂತ ತಿಳಿಯಬೇಕಾದರೆ ಅಪ್ಪನ ಪೆಟ್ಟಿಗೆಯಲ್ಲಿರುವ ಹಳೆ ಗೇಣಿ ಚೀಟು, ಕ್ರಯಪತ್ರಗಳ ಕೊನೆಯ ಸಾಲು ನೋಡಿ. ಬರಹ ಇಂಥವರದ್ದು, ಅಥವಾ ‘ಬಿಕ್ಕಲಂ’ ಅಂತ ಇದ್ದು ಅದರ ಮುಂದೆ ಹೆಸರು, ಗ್ರಾಮ ಇರುತ್ತದೆ. ಅಂಥ ನಾಲ್ಕು ಕಾಗದ ಸಿಕ್ಕಿದರೆ ಮೂರು ತಲೆಮಾರು ಹಿಂದೆ ಹೋಗಬಹುದು. ಊರಿನ ದೇವಸ್ಥಾನದ ಹಳೆ ಲೆಕ್ಕವೂ ಅಷ್ಟೇ, ಉಪಯೋಗಕ್ಕೆ ಬರುತ್ತದೆ. ಜಿಲ್ಲೆಯ ದೊಡ್ಡ ದಾಖಲೆಗಳು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ, ಮದ್ರಾಸು ಸರ್ಕಾರದ್ದು ಹೆಚ್ಚಿನದು ಅಲ್ಲಿಗೇ ಸೇರಿದ್ದು. ಸುಮ್ನೆ ಕುತೂಹಲಕ್ಕಾದರೆ ಅಷ್ಟು ದೂರ ಹೋಗುವುದು ಬೇಡ.

ಮೂರು ಹೆಸರಿನ ತೊಂದರೆಗೆ ಪರಿಹಾರ ಉಂಟು. ಮದುವೆ ನೋಂದಣಿ, ಪಾಸ್‌ಪೋರ್ಟ್ ಅಂತ ಹೋದಾಗ ಖಂಡಿತ ಕೇಳುತ್ತಾರೆ, ಅದಕ್ಕೆ ಈಗಲೇ ಮಾಡಿಡಿ. ಕೇರಳದಲ್ಲಿ ‘ವನ್ ಆ್ಯಂಡ್ ಸೇಮ್ ಸರ್ಟಿಫಿಕೇಟ್’ ಅಂತ ಕೊಡುತ್ತಾರೆ, ಇಂತಿಂಥ ಹೆಸರಿನವರು ಒಬ್ಬರೇ ಅಂತ. ಇ-ಡಿಸ್ಟ್ರಿಕ್ಟ್ ಮೂಲಕ, ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಶಾಲೆಯ ಸರ್ಟಿಫಿಕೇಟ್, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಅಪ್ಪನ ಕನ್ನಡ ಕಾಗದ ತೋರಿಸುವುದಾದರೆ ಅದರ ಮಲಯಾಳಂ ಅನುವಾದವನ್ನೂ ಮಾಡಿಸಿ ಇಟ್ಟುಕೊಳ್ಳಿ, ಎರಡೆರಡು ಸಲ ಓಡಾಡುವುದು ತಪ್ಪುತ್ತದೆ. ಅರ್ಜಿ ಹೋಗುವುದು ವಿಲೇಜ್ ಆಫೀಸಿಗೆ, ಅಂದರೆ ನಿಮ್ಮ ಹಿರಿಯರು ಕೂತಿದ್ದ ಕುರ್ಚಿಗೇ. ಶ್ಯಾನುಭೋಗ, ಶಾನಭಾಗ, ಷಾನ್‌ಬೋಗ್ ಮೂರೂ ಒಂದೇ ಅಂತ ಅಲ್ಲಿಂದಲೇ ಬರೆಸಿಕೊಂಡು ಬರಬೇಕು ನೀವು, ನಗು ಬಂದರೆ ಹೊರಗೆ ಬಂದ ಮೇಲೆ ನಕ್ಕುಬಿಡಿ.

ಕಡತವನ್ನು ಮಾತ್ರ ಯಾರೂ ಒರೆಸಬಾರದು, ಒಣ ಬಟ್ಟೆಯಲ್ಲೂ ಬೇಡ. ಮಳೆಗಾಲ ಮುಗಿಯುವವರೆಗೆ ಅಟ್ಟದಿಂದ ಇಳಿಸುವುದೂ ಬೇಡ. ಬಿಸಿಲು ಬಂದ ಮೇಲೆ ಒಂದು ಬಿಳಿ ಪಂಚೆ ಹಾಸಿ, ಒಂದೊಂದೇ ಮಡಿಕೆ ಬಿಡಿಸಿ, ಬೆಳಕು ಓರೆಯಿಂದ ಬೀಳುವ ಹಾಗೆ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಫ್ಲ್ಯಾಶ್ ಹಾಕಬೇಡಿ. ಬಳಪ ಮಾಸಿದ್ದರೂ ಓರೆ ಬೆಳಕಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಮಡಿಕೆಗಳ ಕ್ರಮ ತಪ್ಪದ ಹಾಗೆ ಒಂದು, ಎರಡು ಅಂತ ಹೆಸರು ಕೊಟ್ಟು ನನಗೆ ಕಳಿಸಿ. ಈ ಸಲ ನಾನು ನಾಲ್ಕು ದಿನ ತಡ ಮಾಡುವುದಿಲ್ಲ.